ಮಜ್ಜಿಗೆಯ ಅಣುಜೀವಿಗಳೂ ನಮ್ಮ ಒಣ ಚರ್ಮವೂ

ಕಾರ್ತಿಕ ಮಾಸ ಬಂದಿತೆಂದರೆ ನಮ್ಮ ಸೀಮೆಯಲ್ಲಿ ಎರಡು ಕೆಲಸ ಒಟ್ಟಿಗೆ ಆರಂಭವಾಗುತ್ತವೆ. ಹೊಲದಲ್ಲಿ ಕಡಲೆಕಾಯಿ ಕೀಳುವುದು ಒಂದು, ಮನೆಮಂದಿಯ ಕೈಕಾಲು ಬಿರಿಯುವುದು ಇನ್ನೊಂದು. ಗಿಡ ಕಿತ್ತು ಕಾಯಿ ಬಿಡಿಸುವ ಹೆಣ್ಣುಮಕ್ಕಳ ಬೆರಳ ಸಂದಿನಲ್ಲಿ ಸೀಳು ಕಾಣುತ್ತದೆ. ಗಂಡಸರ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಒಡೆಯುತ್ತದೆ. ಶಾಲೆಗೆ ಬರುವ ಮಕ್ಕಳ ಮೊಣಕಾಲಿನ ಮೇಲೆ ಉಗುರಿನಿಂದ ಗೀಚಿದರೆ ಸ್ಲೇಟಿನ ಮೇಲೆ ಬಳಪದಿಂದ ಬರೆದಂತೆ ಬಿಳಿಯ ಗೆರೆ ಮೂಡುತ್ತದೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಆದರೆ ಒಣಹವೆಗೆ ಜಿಲ್ಲೆಯ ಎಲ್ಲೆಯಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಾತ್ರ ಮಳೆ ಬೀಳುವ ಈ ನೆಲದಲ್ಲಿ, ಮಳೆಗಾಲ ಮುಗಿದ ಮೇಲೆ ಬೀಸುವ ಗಾಳಿ ಹೊಲದ ಹಸಿಯನ್ನು ಹೀರುವ ಹಾಗೆಯೇ ಮೈಯ ಹಸಿಯನ್ನೂ ಹೀರುತ್ತದೆ.

ಈಚೆಗೆ ಇದಕ್ಕೊಂದು ಹೊಸ ಮದ್ದು ಬಂದಿದೆಯೆಂದು ಎಲ್ಲೆಡೆ ಕೇಳುತ್ತಿದ್ದೇವೆ. ಪೇಟೆಯ ಅಂಗಡಿಯಲ್ಲಿಯೂ ಅಂಗೈಯಲ್ಲಿನ ಫೋನಿನಲ್ಲಿಯೂ 'ಪ್ರೊಬಯಾಟಿಕ್' ಎಂಬ ಮಾತು ಸುಳಿದಾಡುತ್ತಿದೆ. ಒಳ್ಳೆಯ ಅಣುಜೀವಿಗಳುಳ್ಳ ಪುಡಿಯನ್ನು ನುಂಗಿದರೆ ಚರ್ಮದಲ್ಲಿ ನೀರು ನಿಲ್ಲುತ್ತದೆ ಎನ್ನುವವರು ಕೆಲವರು. 'ಪುಡಿ ಏಕೆ, ನಮ್ಮ ಮೊಸರೇ ಪ್ರೊಬಯಾಟಿಕ್; ಒಡಕಿಗೆ ಮೊಸರು ಮೆತ್ತಿದರೆ ಸಾಕು' ಎನ್ನುವವರು ಹಲವರು. ಈ ಮಾತುಗಳಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂಬುದನ್ನು ತೂರಿ ನೋಡುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ಒಂದು ಕಾರಣವೂ ಉಂಟು. ಕಲ್ಯಾಣದುರ್ಗದ ಕಡೆ ನಮ್ಮ ಸೋದರತ್ತೆಯೊಬ್ಬರಿದ್ದಾರೆ. ಅರುವತ್ತು ದಾಟಿದ ವಯಸ್ಸು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಅವರ ಹಿಮ್ಮಡಿ ಆಳವಾಗಿ ಒಡೆದಿತ್ತು. ಯಾರೋ ಹೇಳಿದರೆಂದು ಹದಿನೈದು ದಿನ ಆ ಒಡಕಿಗೆ ಹುಳಿಮೊಸರು ತುಂಬಿ ಬಟ್ಟೆ ಕಟ್ಟಿಕೊಂಡು ಓಡಾಡಿದರು. ನಾವು ಹೋಗಿ ನೋಡಿದಾಗ ಬಟ್ಟೆ ಬಿಚ್ಚುವ ಮೊದಲೇ ವಾಸನೆ ಬರುತ್ತಿತ್ತು.

"ಇಷ್ಟು ದಿನ ಸುಮ್ಮನಿದ್ದೀರಲ್ಲ ಅತ್ತೆ, ನೋಯಲಿಲ್ಲವೆ?" ಎಂದು ಕೇಳಿದೆವು.

"ನೋಯ್ತಿದ್ರೆ ಆಸ್ಪತ್ರೆಗೆ ಹೋಗ್ತಿರಲಿಲ್ಲವೇನಪ್ಪ? ಎಳ್ಳಷ್ಟೂ ನೋವಿಲ್ಲ" ಎಂದರು.

ಆ ಮಾತೇ ನಮ್ಮನ್ನು ಬೆಚ್ಚಿಬೀಳಿಸಿತು. ನೋವಿಲ್ಲದ ಗಾಯ ವಾಸಿಯಾಗುತ್ತಿರುವ ಗಾಯವಲ್ಲ. ನರ ಸತ್ತ ಕಾಲಿನ ಗಾಯ. ತಿಂಗಳ ಕಾಲ ಆಸ್ಪತ್ರೆಯಲ್ಲಿರಬೇಕಾಯಿತು. ಕಾಲು ಉಳಿಯಿತು, ಆ ವರ್ಷದ ಕಡಲೆಕಾಯಿಯ ಹಣ ಉಳಿಯಲಿಲ್ಲ.

ಚರ್ಮವು ನೀರನ್ನು ಹಿಡಿಯುವ ಬಗೆ

ಚರ್ಮದ ಅತ್ಯಂತ ಹೊರಗಿನ ಪದರವು ಸತ್ತ ಜೀವಕೋಶಗಳಿಂದಾದುದು. ಅಂಗೈ ಅಂಗಾಲುಗಳನ್ನು ಬಿಟ್ಟರೆ ಅದು ತಲೆಗೂದಲಿಗಿಂತಲೂ ತೆಳುವು. ಆದರೂ ಒಳಗಿನ ನೀರನ್ನು ಹೊರಹೋಗಗೊಡದೆ, ಹೊರಗಿನ ರೋಗವನ್ನು ಒಳಬರಗೊಡದೆ ಕಾಯುವುದು ಇದೇ. ಇದನ್ನು ಇಟ್ಟಿಗೆ ಗೋಡೆಯೆಂದು ಭಾವಿಸಬಹುದು. ಸತ್ತ ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವೆ ತುಂಬಿರುವ ಜಿಡ್ಡೇ ಗಾರೆ. ಈ ಗಾರೆಯ ಮುಖ್ಯ ಭಾಗಕ್ಕೆ ಸೆರಮೈಡ್ ಎಂದು ಹೆಸರು. ಗಾರೆ ಉದುರಿದ ಗೋಡೆಯಲ್ಲಿ ಸಂದು ಬೀಳುವಂತೆ ಸೆರಮೈಡ್ ಕಡಮೆಯಾದ ಚರ್ಮದಿಂದ ನೀರು ಆರಿಹೋಗುತ್ತದೆ. ಇಟ್ಟಿಗೆಗಳ ಒಳಗೆ ನೀರನ್ನು ಹಿಡಿದಿಡುವ ಕೆಲವು ಉಪ್ಪುಗಳೂ ಆಮ್ಲಗಳೂ ಇವೆ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವು ಅವುಗಳಲ್ಲೊಂದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ತೋರಿಸಲು ಆಲೂಗೆಡ್ಡೆಯ ಮೂರು ಬಿಲ್ಲೆಗಳನ್ನು ತೆಗೆದುಕೊಂಡೆವು. ಒಂದಕ್ಕೆ ಕೂಡಲೆ ಹರಳೆಣ್ಣೆ ಸವರಿದೆವು. ಎರಡನೆಯದಕ್ಕೆ ಏನನ್ನೂ ಹಚ್ಚಲಿಲ್ಲ. ಮೂರನೆಯದನ್ನು ಒಂದು ದಿನ ಒಣಗಲು ಬಿಟ್ಟು ಆಮೇಲೆ ಎಣ್ಣೆ ಸವರಿದೆವು. ಎರಡನೆಯ ದಿನ ಮೊದಲನೆಯದು ಹಸಿಯಾಗಿತ್ತು, ಎರಡನೆಯದು ಸುರುಟಿತ್ತು. ಮೂರನೆಯದು ಎಣ್ಣೆಯಿಂದ ಮಿನುಗುತ್ತಿತ್ತು, ಆದರೆ ಅದೂ ಸುರುಟಿಯೇ ಇತ್ತು. ಎಣ್ಣೆಯು ನೀರನ್ನು ತರುವುದಿಲ್ಲ, ಇರುವ ನೀರನ್ನು ಕಾಯುತ್ತದೆ ಎಂಬ ಪಾಠವನ್ನು ಮಕ್ಕಳು ಪುಸ್ತಕವಿಲ್ಲದೆ ಕಲಿತರು.

ಮೊಸರಿನೊಳಗಿರುವವರು ಯಾರು?

ಹಾಲಿಗೆ ಹೆಪ್ಪು ಹಾಕುವಾಗ ನಾವು ಬಿತ್ತನೆ ಮಾಡುತ್ತಿದ್ದೇವೆ. ಬಿತ್ತುವ ಬೀಜ ಕಣ್ಣಿಗೆ ಕಾಣದು, ಅಷ್ಟೆ. ಮನೆಯ ಮೊಸರಿನಲ್ಲಿ ಲ್ಯಾಕ್ಟೋಕಾಕಸ್, ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್, ಲ್ಯಾಕ್ಟೋಬ್ಯಾಸಿಲಸ್ ಮೊದಲಾದ ಅಣುಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುವುದು ಇವುಗಳ ಕೆಲಸ. ಆ ಹುಳಿಯಿಂದಲೇ ಹಾಲು ಗಟ್ಟಿಯಾಗುತ್ತದೆ.

1905ರಲ್ಲಿ ಬಲ್ಗೇರಿಯ ದೇಶದ ಸ್ಟಾಮೆನ್ ಗ್ರಿಗೊರೊವ್ ಎಂಬ ತರುಣ ವೈದ್ಯನು ತನ್ನ ನಾಡಿನ ಮೊಸರಿನಲ್ಲಿ ಇಂಥ ಒಂದು ಜೀವಿಯನ್ನು ಗುರುತಿಸಿದನು. 1908ರಲ್ಲಿ ನೊಬೆಲ್ ಬಹುಮಾನ ಪಡೆದ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿಯು, ಮೊಸರಿನ ಜೀವಿಗಳು ಕರುಳನ್ನು ಶುದ್ಧವಾಗಿಟ್ಟು ಆಯುಷ್ಯವನ್ನು ಬೆಳೆಸುತ್ತವೆಂದು ಪ್ರಚಾರ ಮಾಡಿದನು. ಅಲ್ಲಿಂದ ಮೊದಲಾದ ವಿಚಾರವು 2001ರಲ್ಲಿ ಒಂದು ವ್ಯಾಖ್ಯೆಯ ರೂಪ ತಾಳಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ತಜ್ಞರು ಹೇಳಿದಂತೆ, ಸಾಕಷ್ಟು ಪ್ರಮಾಣದಲ್ಲಿ ಜೀವಂತವಾಗಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರ ಮಾಡುವ ಅಣುಜೀವಿಗಳೇ ಪ್ರೊಬಯಾಟಿಕ್. ಇಲ್ಲಿ ಮೂರು ಷರತ್ತುಗಳಿವೆ: ಜೀವಂತವಾಗಿರಬೇಕು, ಸಾಕಷ್ಟಿರಬೇಕು, ಉಪಕಾರವು ಪರೀಕ್ಷೆಯಿಂದ ತಿಳಿದಿರಬೇಕು. ಮನೆಯ ಮೊಸರು ಮೊದಲನೆಯ ಷರತ್ತನ್ನು ಸಲೀಸಾಗಿ ದಾಟುತ್ತದೆ. ಅದರಲ್ಲಿ ಯಾವ ತಳಿಗಳು ಎಷ್ಟೆಷ್ಟಿವೆಯೆಂಬುದು ಮನೆಮನೆಗೂ ಬೇರೆಯಾದುದರಿಂದ ಮೂರನೆಯದನ್ನು ಹಾಗೆ ದಾಟಲಾರದು.

ಹೊಟ್ಟೆಗೆ ಹೋದದ್ದು ಚರ್ಮಕ್ಕೆ ಹೇಗೆ ಮುಟ್ಟೀತು?

ಕುಡಿದ ಮಜ್ಜಿಗೆ ಹೊಟ್ಟೆಯಲ್ಲಿದ್ದರೆ ಹಿಮ್ಮಡಿಗೇನು ಸಂಬಂಧವೆಂದು ಕೇಳಬಹುದು. ಸಂಬಂಧ ರಕ್ತದ ಮೂಲಕ. ನಾವು ತಿಂದ ಬೇಳೆ, ಮಾಂಸ ಮುಂತಾದವುಗಳ ಪ್ರೋಟೀನು ಪೂರಾ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದರೆ, ಅಲ್ಲಿರುವ ಕೆಲವು ಅಣುಜೀವಿಗಳು ಅದನ್ನು ಕೊಳೆಯಿಸಿ ಫೀನಾಲ್, ಕ್ರೆಸಾಲ್ ಎಂಬ ವಸ್ತುಗಳನ್ನು ಮಾಡುತ್ತವೆ. ಇವು ರಕ್ತಕ್ಕೆ ಸೇರಿ ಚರ್ಮದವರೆಗೂ ಹೋಗಿ ಹೊರಪದರದ ಬೆಳವಣಿಗೆಯನ್ನು ಕೆಡಿಸಬಲ್ಲವೆಂದು ಜಪಾನಿನ ವಿಜ್ಞಾನಿಗಳು ಕಂಡರು. ಕರುಳಿನಲ್ಲಿ ಹುಳಿ ಮಾಡುವ ಜೀವಿಗಳ ಕೈ ಮೇಲಾದರೆ ಕೊಳೆಯಿಸುವವುಗಳ ಕೈ ಕೆಳಗಾಗುತ್ತದೆ ಎಂಬುದು ಅವರ ತರ್ಕ.

2013ರಲ್ಲಿ ಪ್ರಕಟವಾದ ಅಲ್ಲಿಯ ಒಂದು ಪರೀಕ್ಷೆಯಲ್ಲಿ 40 ಮಂದಿ ಹೆಂಗಸರನ್ನು ಎರಡು ಗುಂಪು ಮಾಡಿ ನಾಲ್ಕು ವಾರ ನೋಡಿದರು. ಒಂದು ಗುಂಪಿಗೆ ಬಿಫಿಡೊಬ್ಯಾಕ್ಟೀರಿಯಂ ಬ್ರೀವ್ ಎಂಬ ಜೀವಿಯ ಒಂದು ತಳಿಯನ್ನೂ, ಆ ಜೀವಿಗೆ ಮೇವಾಗುವ ಒಂದು ಬಗೆಯ ಸಕ್ಕರೆಯನ್ನೂ ಸೇರಿಸಿದ ಹುದುಗಿಸಿದ ಹಾಲನ್ನು ಕೊಟ್ಟರು. ಆ ಗುಂಪಿನವರ ರಕ್ತದಲ್ಲಿ ಫೀನಾಲ್ ಕಡಮೆಯಾಯಿತು; ಚರ್ಮದ ನೀರಿನಂಶ ಇಳಿಯಲಿಲ್ಲ. ಇನ್ನೊಂದು ಗುಂಪಿನವರದು ಇಳಿಯಿತು.

2015ರಲ್ಲಿ ಕೊರಿಯ ದೇಶದಿಂದ ಇನ್ನೊಂದು ವರದಿ ಬಂದಿತು. 41ರಿಂದ 59 ವಯಸ್ಸಿನ, ಒಣ ಚರ್ಮದ 110 ಹೆಂಗಸರು, ಹನ್ನೆರಡು ವಾರ. ಒಂದು ಗುಂಪಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಎಂಬುದರ ಎಚ್‌ವೈ 7714 ಎಂಬ ತಳಿಯನ್ನು ದಿನಕ್ಕೆ ಸಾವಿರ ಕೋಟಿ ಜೀವಿಗಳಂತೆ ಕೊಟ್ಟರು. ಅವರ ಮುಖದಲ್ಲಿಯೂ ಕೈಯಲ್ಲಿಯೂ ನೀರಿನಂಶ ಹೆಚ್ಚಿತು.

ಇವು ಸುಳ್ಳಲ್ಲ. ಆದರೆ ನೂರು ಇನ್ನೂರು ಮಂದಿಯ, ಕೆಲವು ವಾರಗಳ ಪರೀಕ್ಷೆಗಳು. ಆ ಹೆಂಗಸರು ನಮ್ಮ ಹಾಗೆ ಬಿಸಿಲಿನಲ್ಲಿ ಗಿಡ ಕಿತ್ತವರೆಂದು ಭಾವಿಸಲಾಗದು. ಒಡೆದ ಹಿಮ್ಮಡಿಗೆ ಮಾಡಿದ ಚಿಕಿತ್ಸೆಯೂ ಅದಾಗಿರಲಿಲ್ಲ. ಆದುದರಿಂದ 'ಪ್ರೊಬಯಾಟಿಕ್ ಚರ್ಮದ ತೇವಕ್ಕೆ ಸ್ವಲ್ಪ ನೆರವಾದೀತು' ಎನ್ನುವಷ್ಟಕ್ಕೆ ಆಧಾರವಿದೆ. 'ಒಡಕು ಮಾಯವಾಗುತ್ತದೆ' ಎನ್ನುವುದಕ್ಕೆ ಇಲ್ಲ.

ಮೈಗೆ ಹಚ್ಚಿದರೆ?

ನಮ್ಮ ಚರ್ಮದ ಮೇಲೆಯೇ ಅಣುಜೀವಿಗಳ ಒಂದು ಊರಿದೆ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ಆ ಊರಿನ ಖಾಯಂ ನಿವಾಸಿ. ಅದು ತನ್ನ ಕಿಣ್ವದಿಂದ ಚರ್ಮದ ಜಿಡ್ಡನ್ನು ಮಾರ್ಪಡಿಸಿ ಸೆರಮೈಡ್ ಹೆಚ್ಚಲು ನೆರವಾಗುತ್ತದೆಂದು 2022ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ತಿಳಿಯಿತು. ಬಾಡಿಗೆ ಇಲ್ಲದೆ ಇದ್ದುಕೊಂಡು ಗೋಡೆಗೆ ಗಾರೆ ಮೆತ್ತುವ ಬಾಡಿಗೆದಾರ ಎನ್ನಬಹುದು.

ನಮ್ಮ ಮೊಸರಿನ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನಲ್ಲಿಯೂ ಅಂಥದೇ ಕಿಣ್ವವುಂಟು. 1999ರಲ್ಲಿ ಇಟಲಿಯ ವಿಜ್ಞಾನಿಗಳು ಆ ಜೀವಿಯನ್ನು ಸೇರಿಸಿದ ಮುಲಾಮನ್ನು ಆರೋಗ್ಯವಂತರ ಮುಂಗೈಗೆ ಏಳು ದಿನ ಹಚ್ಚಿ, ಸೆರಮೈಡ್ ಹೆಚ್ಚಿದುದನ್ನು ಕಂಡರು. ವಯಸ್ಸಾದ ಹೆಂಗಸರ ಮೇಲೆ ಮಾಡಿದ ಮುಂದಿನ ಪರೀಕ್ಷೆಯಲ್ಲಿ ತೇವವೂ ಹೆಚ್ಚಿತು. 'ಹಾಗಾದರೆ ಮೊಸರನ್ನೇ ಹಚ್ಚೋಣ' ಎಂದು ಹಾರಬಾರದು. ಅವರು ಬಳಸಿದ್ದು ಬೇರ್ಪಡಿಸಿ ಬೆಳೆಸಿ, ಕೋಶವನ್ನು ಒಡೆದು ಮುಲಾಮಿನಲ್ಲಿ ಅಳತೆಗೆ ಬೆರೆಸಿದ ಜೀವಿ. ಗಡಿಗೆಯ ಮೊಸರಿನಲ್ಲಿ ಅದರೊಂದಿಗೆ ಕೈಯಿಂದ, ಗಾಳಿಯಿಂದ, ಪಾತ್ರೆಯಿಂದ ಬಂದ ಇತರ ಜೀವಿಗಳೂ ಇರಬಹುದು. ಗಟ್ಟಿ ಚರ್ಮದ ಮೇಲೆ ಅವು ಏನೂ ಮಾಡಲಾರವು. ಸೀಳಿನೊಳಗೆ ಸೇರಿದರೆ ಕೀವು ಮಾಡಬಲ್ಲವು. ನಮ್ಮ ಅತ್ತೆಯವರ ಕಾಲಿನಲ್ಲಿ ಆದದ್ದೂ ಹಾಗೆಯೇ ಇದ್ದೀತು.

ಮೊಸರು ಹಚ್ಚಿದ ಕೈ ಮೆತ್ತಗಾಗುವುದು ನಿಜವಲ್ಲವೆ ಎಂದು ಕೇಳುವಿರಿ. ನಿಜ. ಅದರಲ್ಲಿ ಕೆನೆಯ ಜಿಡ್ಡಿದೆ. ನಾವು ಮೊದಲು ಹೇಳಿದ ಲ್ಯಾಕ್ಟಿಕ್ ಆಮ್ಲವು ನೂರಕ್ಕೆ ಒಂದು ಭಾಗದ ಆಸುಪಾಸಿನಲ್ಲಿದೆ. ಮೆತ್ತಗೆ ಮಾಡುವ ಯಶಸ್ಸು ಇವೆರಡಕ್ಕೆ ಸಲ್ಲತಕ್ಕದ್ದು, ಜೀವಿಗಳಿಗಲ್ಲ.

ತಳಿಯ ಮಾತು

ಇಲ್ಲಿ ರೈತರಿಗೆ ಸುಲಭವಾಗಿ ತಿಳಿಯುವ ಒಂದು ವಿಷಯವಿದೆ. ಟಿಎಂವಿ-2 ಕೂಡ ಕಡಲೆಕಾಯಿಯೇ. ಕದಿರಿಯ ಕೆ-6 ಕೂಡ ಕಡಲೆಕಾಯಿಯೇ. ಕದಿರಿ ಲೇಪಾಕ್ಷಿಯೂ ಕಡಲೆಕಾಯಿಯೇ. ಆದರೆ ಒಂದರ ಇಳುವರಿಯನ್ನು ತೋರಿಸಿ ಇನ್ನೊಂದರ ಬೀಜ ಮಾರಿದರೆ ನಾವು ಒಪ್ಪುವುದಿಲ್ಲ. ಅಣುಜೀವಿಗಳಲ್ಲಿಯೂ ಹಾಗೆಯೇ. ಕೊರಿಯದಲ್ಲಿ ಗುಣ ತೋರಿದ್ದು ಒಂದು ತಳಿ. ಅದೇ ಜಾತಿಯ ಬೇರೆ ತಳಿಗೆ ಆ ಗುಣ ಇದ್ದೇ ಇರಬೇಕೆಂದಿಲ್ಲ.

2011ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ಈ ವಿಷಯದಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದವು. ಪೊಟ್ಟಣದ ಮೇಲೆ ಜೀವಿಯ ಜಾತಿ, ಒಳಜಾತಿ, ತಳಿ ಮೂರೂ ಇರಬೇಕು. ಅವಧಿ ಮುಗಿಯುವ ದಿನಕ್ಕೆ ಜೀವಂತವಾಗಿ ಉಳಿಯುವ ಸಂಖ್ಯೆಯೂ ಇರಬೇಕು. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡಿರಿ. ಬರೀ 'ಪ್ರೊಬಯಾಟಿಕ್' ಎಂದಿದ್ದು ತಳಿಯ ಹೆಸರಿಲ್ಲದಿದ್ದರೆ, ಅದು ಸೀಟಿಲ್ಲದ ಬೀಜದ ಚೀಲವಿದ್ದಂತೆ. ಕೊಳ್ಳುವುದೂ ಬಿಡುವುದೂ ನಿಮ್ಮ ಜಾಣತನ.

ಮಾಡತಕ್ಕದ್ದೇನು?

ಮೊದಲನೆಯದು ಸಾಬೂನಿನ ವಿಷಯ. ಆರೋಗ್ಯದ ಚರ್ಮ ಸ್ವಲ್ಪ ಹುಳಿಯ ಗುಣವುಳ್ಳದ್ದು. ಸಾಬೂನು ಕ್ಷಾರದ ಗುಣದ್ದು. ಬಟ್ಟೆ ಒಗೆಯುವ ಸಾಬೂನಿನಿಂದ ಮೈ ಉಜ್ಜುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಕೊಳೆಯೊಂದಿಗೆ ಗಾರೆಯನ್ನೂ ತೊಳೆದುಬಿಡುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ಬಿಡದೆ ಮೈಗೆ ಅಂಟಿಕೊಳ್ಳುವುದರಿಂದ ಕೆಡುಕು ಇಮ್ಮಡಿ. ಚಳಿಗಾಲದಲ್ಲಿ ಕೈಕಾಲುಗಳಿಗೆ ಸಾಬೂನು ಕಡಮೆ ಮಾಡಿ, ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರು ಬಳಸತಕ್ಕದ್ದು.

ಎರಡನೆಯದು, ಮೈ ಒರಸಿದ ಕೂಡಲೆ, ಹಸಿ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರುವುದು. ಆಲೂಗೆಡ್ಡೆಯ ಪಾಠವನ್ನು ಮರೆಯದಿರಿ. 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್ ದೇಶದ ಒಂದು ಪರೀಕ್ಷೆಯಲ್ಲಿ ಒಣ ಚರ್ಮದ 34 ಮಂದಿಗೆ ಕೊಬ್ಬರಿ ಎಣ್ಣೆಯು ಅಂಗಡಿಯ ಖನಿಜ ತೈಲದಷ್ಟೇ ಗುಣ ಕೊಟ್ಟಿತು. ಹಿಮ್ಮಡಿ ಒಡೆಯುವವರು ರಾತ್ರಿ ಕಾಲನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಒರಸಿ, ವ್ಯಾಸಲೀನು ಹಚ್ಚಿ, ಹಳೆಯ ಕಾಲುಚೀಲ ಹಾಕಿ ಮಲಗಿದರೆ ಕೆಲವು ದಿನಗಳಲ್ಲಿ ವ್ಯತ್ಯಾಸ ಕಾಣುವರು. ಸಕ್ಕರೆ ಕಾಯಿಲೆಯವರು ಮಾತ್ರ ಕಾಲನ್ನು ನೆನೆಹಾಕಬಾರದು.

ಮೂರನೆಯದು ಆಹಾರ. ರಾಗಿ ಅಂಬಲಿಯನ್ನು ಕಾಯಿಸಿ, ಪೂರಾ ಆರಿದ ಮೇಲೆ ಮಜ್ಜಿಗೆ ಬೆರೆಸಿ ಕುಡಿಯುವುದು ನಮ್ಮ ಹಿರಿಯರ ಪದ್ಧತಿ. ಬಿಸಿಯಲ್ಲಿ ಬೆರೆಸಿದರೆ ಜೀವಿಗಳು ಸಾಯುತ್ತವೆ. ಕುದಿಸಿದ ಮಜ್ಜಿಗೆಹುಳಿಯಲ್ಲಿ ರುಚಿಯುಂಟು, ಜೀವಿಗಳಿಲ್ಲ. ರಾಗಿಯ ನಾರು ಕರುಳಿನ ಜೀವಿಗಳಿಗೆ ಮೇವು. ಆ ಮೇವು ಸಿಕ್ಕಿದಾಗ ಅವು ಪ್ರೋಟೀನನ್ನು ಕೊಳೆಯಿಸುವುದು ಕಡಮೆ. ಅಂಬಲಿಯಿಂದ ಚರ್ಮ ಮಿನುಗುವುದೆಂದು ನಾವು ಹೇಳುತ್ತಿಲ್ಲ. ಹೊಲದಲ್ಲಿ ದುಡಿಯುವವನಿಗೆ ನೀರು, ಸುಣ್ಣದ ಅಂಶ, ಬಲ ಇವು ಹೇಗೂ ದೊರೆಯುತ್ತವೆ. ಚರ್ಮಕ್ಕೆ ಏನಾದರೂ ಉಪಕಾರವಾದರೆ ಅದು ಲಾಭದ ಮೇಲಿನ ಲಾಭ.

ಮನೆಮದ್ದಿಗೆ ಎಲ್ಲೆ ಎಲ್ಲಿ?

ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ಅಂಗಾಲನ್ನು ನೋಡಿಕೊಳ್ಳಬೇಕು. ಕಣ್ಣು ಮಂದವಾದವರು ಮನೆಯ ಮಕ್ಕಳಿಂದ ನೋಡಿಸಿಕೊಳ್ಳಬೇಕು. ರಕ್ತ ಕಂಡರೆ, ಕೀವು ಕಂಡರೆ, ಅಥವಾ ಒಡಕು ಆಳವಾಗಿದ್ದೂ ನೋವೇ ಇಲ್ಲದಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಮೈಮೇಲೆ ಒಂದೇ ಕಡೆ ಬಣ್ಣ ಮಾಸಿ, ಒಣಗಿ, ಮುಟ್ಟಿದರೆ ತಿಳಿಯದಿರುವ ಮಚ್ಚೆಯಿದ್ದರೆ ಅದು ಕುಷ್ಠದ ಮೊದಲ ಗುರುತಾಗಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ. ಬೇಗ ಹೋದವರು ಅಂಗ ಕಳೆದುಕೊಳ್ಳದೆ ಗುಣವಾಗುತ್ತಾರೆ. ದಿನ ತುಂಬದೆ ಹುಟ್ಟಿದ ಕೂಸಿಗೂ ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಪ್ರೊಬಯಾಟಿಕ್ ಪುಡಿಯನ್ನು ವೈದ್ಯರ ಮಾತಿಲ್ಲದೆ ಕೊಡಬಾರದು.

ಹೆಪ್ಪು ಉಳಿಯಲಿ

ಕೊನೆಯದಾಗಿ ಒಂದು ಮಾತು. ಮೊನ್ನೆ ನಮ್ಮ ಮನೆಯ ಮೊಸರು ಕೆಟ್ಟಿತ್ತು. ಮಗನನ್ನು ಬೀದಿಗೆ ಕಳುಹಿಸಿ ಒಂದು ಚಮಚ ಹೆಪ್ಪು ತಾ ಎಂದೆವು. ಐದು ಮನೆಗಳಲ್ಲಿ ಕರೆಯುವ ಹಸುಗಳಿವೆ. ಒಂದು ಮನೆಯಲ್ಲಿಯೂ ಹೆಪ್ಪಿರಲಿಲ್ಲ! ಎರಡು ಹೊತ್ತೂ ಹಾಲಿನ ಗಾಡಿ ಬರುತ್ತದೆ. ಕರೆದದ್ದೆಲ್ಲ ಕ್ಯಾನಿಗೆ ಹೋಗುತ್ತದೆ. ಊಟಕ್ಕೆ ಅಂಗಡಿಯ ಮೊಸರಿನ ಪೊಟ್ಟಣ ಬರುತ್ತದೆ. ಹಾಲು ಮಾರುವುದು ತಪ್ಪಲ್ಲ. ನಾವೂ ಮಾರುತ್ತೇವೆ, ಆ ಹಣದಿಂದಲೇ ಮಕ್ಕಳ ಫೀಜು ಕಟ್ಟುತ್ತೇವೆ. ಆದರೆ ಸ್ವಂತ ಹಸುವಿನ ಹಾಲನ್ನು ಪೂರಾ ಮಾರಿ, ಆ ಹಣದಲ್ಲಿ ಅಣುಜೀವಿಗಳ ಪುಡಿಯನ್ನು ಕೊಳ್ಳುವುದು ಎಂಥ ಲೆಕ್ಕ?

ದಿನಕ್ಕೆ ಅರ್ಧ ಲೀಟರು ಹಾಲನ್ನು ಮನೆಯ ಗಡಿಗೆಗೆ ಉಳಿಸಿರಿ. ಚೆನ್ನಾಗಿ ಕಾಯಿಸಿ, ಬೆರಳಿಗೆ ಬೆಚ್ಚಗೆನ್ನಿಸುವಷ್ಟು ಆರಿಸಿ, ತೊಳೆದ ಪಾತ್ರೆಯಲ್ಲಿ ಒಂದು ಚಮಚ ಹೆಪ್ಪು ಬೆರೆಸಿರಿ. ಚಳಿಯ ದಿನಗಳಲ್ಲಿ ಪಾತ್ರೆಗೆ ಗೋಣಿ ಸುತ್ತಿ ಒಲೆಯ ಬಳಿ ಇಡಿರಿ. ಮರುದಿನದ ಹೆಪ್ಪಿಗೆಂದು ಒಂದು ಚಮಚ ತೆಗೆದಿಟ್ಟು ಉಳಿದುದನ್ನು ಮನೆಮಂದಿಗೆ ಕೊಡಿರಿ. ಮಜ್ಜಿಗೆ ಹೊಟ್ಟೆಗೆ, ಎಣ್ಣೆ ಹಿಮ್ಮಡಿಗೆ, ಗಾಯ ವೈದ್ಯರಿಗೆ. ಈ ಮೂರನ್ನು ಅದಲು ಬದಲು ಮಾಡದಿದ್ದರೆ ಸಾಕು.

ನಮ್ಮ ಮನೆಗೆ ಹೆಪ್ಪು ಕೊನೆಗೆ ಪಕ್ಕದೂರಿನ ತಂಗಿಯ ಮನೆಯಿಂದ ಬಂದಿತು. ಈಗ ನಮ್ಮ ಬೀದಿಯ ಮೂರು ಮನೆಗಳಿಗೆ ಅದನ್ನು ಹಂಚಿದ್ದೇವೆ.